ಅಡುಗೆಮನೆಯಲ್ಲಿ ನೀರಿನ ಕೆಲಸ: ಎಸರಿನಿಂದ ಉಗಿಯವರೆಗೆ

ಹಳೆ ಮೈಸೂರು ಭಾಗದ ಮನೆಗಳಲ್ಲಿ ಬಸ್ಸಾರು ಮಾಡುವ ದಿನ ಸೊಪ್ಪು, ಕಾಳು ಬೇಯಿಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಬೆಂದದ್ದನ್ನು ಬಸಿದು ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಬಸಿದ ಸಾರೇ ಜನರ ಬಾಯಲ್ಲಿ ಬಸ್ಸಾರಾಯಿತು. ಹೋಳಿಗೆಯ ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟು ಹಬ್ಬದ ದಿನ ಒಬ್ಬಟ್ಟಿನ ಸಾರಾಗುವುದೂ, ಉತ್ತರ ಕರ್ನಾಟಕದಲ್ಲಿ ಅದು ಕಟ್ಟಿನ ಸಾರು ಎನಿಸಿಕೊಳ್ಳುವುದೂ ಇದೇ ಲೆಕ್ಕಾಚಾರದ ಫಲ. ಒಂದೇ ಉರಿ, ಒಂದೇ ನೀರು, ಎರಡು ಅಡುಗೆ.

ಅಡುಗೆಯ ಪುಸ್ತಕಗಳು ಸಾಮಗ್ರಿಗಳ ಪಟ್ಟಿಯಲ್ಲಿ ಉಪ್ಪಿನಿಂದ ಇಂಗಿನವರೆಗೆ ಎಲ್ಲವನ್ನೂ ಅಳತೆ ಸಹಿತ ನಮೂದಿಸುತ್ತವೆ. ನೀರಿಗೆ ಮಾತ್ರ ‘ಸಾಕಷ್ಟು’ ಎಂಬ ಒಂದು ಪದ. ವಾಸ್ತವದಲ್ಲಿ ನಮ್ಮ ಅಡುಗೆಯ ಬಹುಪಾಲು ವಿಧಾನಗಳು ನೀರನ್ನು ಹೇಗೆ ಬಳಸುತ್ತೇವೆ ಎಂಬುದರ ಮೇಲೆಯೇ ನಿಂತಿವೆ. ನೆನೆಸುವುದು, ಬೇಯಿಸುವುದು, ಬಸಿಯುವುದು, ಹಬೆಯಲ್ಲಿಡುವುದು, ಕಲಸುವುದು, ಪಾಕ ಹಿಡಿಯುವುದು ಇವೆಲ್ಲವೂ ನೀರಿನ ಕೆಲಸಗಳೇ. ಈ ಕೆಲಸಗಳ ಹಿಂದಿನ ಕಾರಣಗಳನ್ನು ತಿಳಿದರೆ ಗ್ಯಾಸ್ ಉಳಿಯುತ್ತದೆ, ಪೋಷಕಾಂಶ ಉಳಿಯುತ್ತದೆ. ಕೆಲವು ಸಂದರ್ಭಗಳಲ್ಲಿ ಪ್ರಾಣವೂ ಉಳಿಯುತ್ತದೆ.

ಚೆಲ್ಲಬಾರದ ನೀರು, ಚೆಲ್ಲಲೇಬೇಕಾದ ನೀರು

ಸೊಪ್ಪು ತರಕಾರಿಗಳಲ್ಲಿರುವ ಸಿ ಜೀವಸತ್ವ, ಫೋಲೇಟ್ ಮತ್ತಿತರ ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುತ್ತವೆ. ನೀರು ಹೆಚ್ಚಾದಷ್ಟೂ, ಹೋಳು ಸಣ್ಣದಾದಷ್ಟೂ, ಬೇಯುವ ಸಮಯ ದೀರ್ಘವಾದಷ್ಟೂ ಅವು ತರಕಾರಿಯಿಂದ ನೀರಿಗೆ ಇಳಿಯುತ್ತವೆ. ಇವುಗಳಲ್ಲಿ ಸಿ ಜೀವಸತ್ವ ಶಾಖಕ್ಕೂ ನಾಶವಾಗುವುದರಿಂದ ಅದರ ಒಂದು ಪಾಲು ಹೇಗಿದ್ದರೂ ನಷ್ಟವೇ. ಉಳಿದವುಗಳ ಗಣನೀಯ ಭಾಗ ಬಸಿದ ನೀರಿನಲ್ಲಿರುತ್ತದೆ. ಆ ನೀರು ಸಾರಾಗಿ ತಟ್ಟೆಗೆ ಮರಳಿದರೆ ನಷ್ಟ ಕಡಿಮೆ. ಸಿಂಕಿಗೆ ಹೋದರೆ ಸೊಪ್ಪು ತಿಂದ ಅರ್ಧ ಪ್ರಯೋಜನ ಚರಂಡಿಗೆ.

ಅಕ್ಕಿಯ ವಿಷಯದಲ್ಲೂ ಇದೇ ನಿಯಮ. ಪಾಲಿಶ್ ಮಾಡಿದ ಬೆಳ್ಳಕ್ಕಿಯಲ್ಲಿ ಬಿ ಜೀವಸತ್ವಗಳು ಮೊದಲೇ ಕಡಿಮೆ. ನಾಲ್ಕೈದು ಬಾರಿ ತಿಕ್ಕಿ ತೊಳೆದರೆ ಅಳಿದುಳಿದದ್ದೂ ಅಕ್ಕಚ್ಚಿನ ಪಾಲಾಗುತ್ತದೆ. ಹಿಂದೆ ಅಕ್ಕಚ್ಚು ದನದ ಬಾನಿಗೆ ಹೋಗುತ್ತಿತ್ತು, ಮನೆಯ ಹಸುವಿಗಾದರೂ ದಕ್ಕುತ್ತಿತ್ತು. ಅಪಾರ್ಟ್‌ಮೆಂಟುಗಳಲ್ಲಿ ಆ ಸೌಕರ್ಯವಿಲ್ಲ. ಕಸ, ಧೂಳು ಹೋಗುವಂತೆ ಒಂದೆರಡು ಬಾರಿ ತೊಳೆದರೆ ಸಾಕು. ಕರಾವಳಿಯ ಕುಚ್ಚಲಕ್ಕಿಯ ಕಥೆ ಸ್ವಲ್ಪ ಬೇರೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆ ನಂತರ ಮಿಲ್ ಮಾಡುವುದರಿಂದ ಹೊರಪದರದ ಜೀವಸತ್ವಗಳು ನೀರಿನೊಡನೆ ಕಾಳಿನ ಒಳಭಾಗಕ್ಕೆ ಸೇರಿಕೊಳ್ಳುತ್ತವೆ. ಹೀಗಾಗಿ ತೌಡು ತೆಗೆದರೂ ಒಂದಷ್ಟು ಪೋಷಕಾಂಶ ಉಳಿಯುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಧಾರಾಳ ನೀರು ಬೇಕು, ಬಸಿದ ತಿಳಿಯೂ ಧಾರಾಳ. ಅದಕ್ಕೆ ಉಪ್ಪು ಬೆರೆಸಿ ಕುಡಿಯುವ ರೂಢಿ ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಇಂದಿಗೂ ಇದೆ.

ಆದರೆ ಬಸಿದ ನೀರೆಲ್ಲವೂ ಕುಡಿಯತಕ್ಕದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಮಳೆಗಾಲದಲ್ಲಿ ಮಲೆನಾಡು, ಕೊಡಗು ಮತ್ತು ಕರಾವಳಿಯ ಸಂತೆಗಳಿಗೆ ಬರುವ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತವಿದೆ. ಅದನ್ನು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಡುವ ಪದ್ಧತಿ ಬಂದಿರುವುದು ಈ ಕಾರಣಕ್ಕೆ. ಹೆಚ್ಚಿದಾಗ ಜೀವಕೋಶಗಳು ಒಡೆದು ವಿಷ ಹೊರಬೀಳುತ್ತದೆ, ನೀರು ಅದನ್ನು ಒಯ್ಯುತ್ತದೆ. ಬಳಿಕ ಬೇಯಿಸಿದಾಗ ಉಳಿದದ್ದು ಹಬೆಯೊಡನೆ ಹೋಗುತ್ತದೆ. ಆದ್ದರಿಂದ ಮುಚ್ಚಳ ತೆರೆದೇ ಬೇಯಿಸುವುದು ಕ್ಷೇಮ. ಮರಗೆಣಸಿಗೂ ಇದೇ ಎಚ್ಚರ ಬೇಕು: ಸಿಪ್ಪೆ ತೆಗೆದು, ಹೋಳು ಮಾಡಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ರಾಜ್ಮಾ ನಮ್ಮ ನಗರಗಳ ಅಡುಗೆಮನೆಗೆ ಇತ್ತೀಚೆಗೆ ಬಂದ ಅತಿಥಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವರ್ಗದ ವಿಷಕಾರಿ ಪ್ರೋಟೀನು ಹೇರಳವಾಗಿದೆ. ಕೆಲವೇ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ ಬೇಯಿಸಬೇಕು. ಪ್ರೆಶರ್ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವವರಿಗೆ ಭಯವಿಲ್ಲ. ಕುದಿಯ ಮಟ್ಟ ಮುಟ್ಟದ ಮಂದ ಶಾಖದಲ್ಲಿ ಗಂಟೆಗಟ್ಟಲೆ ಇಡುವ ವಿದ್ಯುತ್ ಪಾತ್ರೆಗಳದ್ದೇ ತೊಂದರೆ. ಹಾಗೆ ಅರೆಬೆಂದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ಅಪಾಯಕಾರಿ ಎಂಬುದು ಸಿದ್ಧವಾಗಿರುವ ಸಂಗತಿ. ಕಡಲೆ, ಅಲಸಂದೆ ಮೊದಲಾದ ನಮ್ಮ ಕಾಳುಗಳಲ್ಲಿ ಈ ಅಪಾಯ ಅಷ್ಟಿಲ್ಲ. ಅವುಗಳನ್ನು ನೆನೆಸುವ ಲಾಭ ಮುಖ್ಯವಾಗಿ ಸಮಯ ಹಾಗೂ ಇಂಧನದ್ದು. ಜೊತೆಗೆ ಹೊಟ್ಟೆಯಲ್ಲಿ ವಾಯು ಹುಟ್ಟಿಸುವ ಸಕ್ಕರೆಗಳ ಒಂದಂಶ ನೆನೆಸಿದ ನೀರಿಗೆ ಇಳಿದು ಹೋಗುತ್ತದೆ.

ಕುದಿಯುವ ನೀರಿನ ಮಿತಿ

ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಹೆಚ್ಚುಕಡಿಮೆ 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಸುಮಾರು ಒಂದು ಡಿಗ್ರಿ ಕಡಿಮೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ತಗ್ಗುವುದು ಇದಕ್ಕೆ ಕಾರಣ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವವರಿಗೆ ಮೂರು ಡಿಗ್ರಿಯ ವ್ಯತ್ಯಾಸವೂ ಕೆಲವು ನಿಮಿಷಗಳ ಕಾಯುವಿಕೆಯಾಗಿ ಕಾಣಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಒಮ್ಮೆ ಕುದಿ ಬಂದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ನೀರಿನ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ವ್ಯಯವಾಗುತ್ತದೆ. ಹಾಗಾಗಿ ಕುದಿ ಬಂದ ನಂತರ ದೊಡ್ಡ ಉರಿಯಲ್ಲಿ ತರಕಾರಿ ಬೇಗ ಬೇಯುತ್ತದೆ ಎಂಬುದು ಭ್ರಮೆ. ಬೇಗ ಆಗುವುದು ಸಿಲಿಂಡರ್ ಖಾಲಿ ಮಾತ್ರ.

ಈ ನಷ್ಟ ಎಷ್ಟೆಂದು ಲೆಕ್ಕ ಹಾಕಬಹುದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಬೇಕು; ಕುದಿಯುವ ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಅಂದರೆ ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖದ ಏಳು ಪಟ್ಟಿಗೂ ಮಿಕ್ಕಿ ಶಾಖ ಅದನ್ನು ಪೂರ್ತಿ ಆವಿ ಮಾಡಲು ಬೇಕು. ಮುಚ್ಚಳವಿಲ್ಲದ ಪಾತ್ರೆಯಿಂದ ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು ಆವಿಯಾಗಿ ಹೋದರೆ 108 ಕಿಲೊಕ್ಯಾಲೊರಿ ಹೋಯಿತು. ಒಂದು ಕಿಲೋ ಅಡುಗೆ ಅನಿಲ ಕೊಡುವ ಶಾಖ ಸುಮಾರು 11 ಸಾವಿರ ಕಿಲೊಕ್ಯಾಲೊರಿ. ಉತ್ತಮ ಒಲೆಯಲ್ಲಿ ಅದರ ಮೂರನೇ ಎರಡರಷ್ಟು ಪಾತ್ರೆಗೆ ತಲುಪುತ್ತದೆಂದು ಇಟ್ಟುಕೊಂಡರೂ ಆ ಒಂದು ಲೋಟ ಆವಿಯ ಬೆಲೆ ಹದಿನಾಲ್ಕು, ಹದಿನೈದು ಗ್ರಾಂ ಗ್ಯಾಸ್. ದಿನಕ್ಕೆರಡು ಬಾರಿ ಹೀಗಾದರೆ ತಿಂಗಳಿಗೆ ಮುಕ್ಕಾಲು ಕಿಲೋಗೂ ಹೆಚ್ಚು. 14.2 ಕಿಲೋ ತೂಕದ ಗೃಹಬಳಕೆಯ ಸಿಲಿಂಡರಿನಲ್ಲಿ ಇದು ಸಣ್ಣ ಪಾಲಲ್ಲ. ಕುದಿ ಬಂದೊಡನೆ ಉರಿ ತಗ್ಗಿಸಿ ತಟ್ಟೆ ಮುಚ್ಚುವ ಹಿರಿಯರ ಅಭ್ಯಾಸಕ್ಕೆ ಇದಕ್ಕಿಂತ ಸಮರ್ಥನೆ ಬೇಕಿಲ್ಲ. ಸಾಂಬಾರು ಗಟ್ಟಿಯಾಗಬೇಕಾದಾಗ, ಪಾಕ ಹದಕ್ಕೆ ಬರಬೇಕಾದಾಗ ಮಾತ್ರ ಆವಿಯಾಗುವುದೇ ನಮಗೆ ಬೇಕಾದ ಕೆಲಸ; ಆಗ ಮುಚ್ಚಳ ತೆಗೆಯಬೇಕು.

ಕುಡಿಯುವ ನೀರನ್ನು ಕಾಯಿಸುವವರಲ್ಲಿ ಒಂದು ಪ್ರಶ್ನೆ ಸಾಮಾನ್ಯ: ಎಷ್ಟು ಹೊತ್ತು? ಗುಳ್ಳೆಗಳೆದ್ದು ಚೆನ್ನಾಗಿ ಕುದಿಯತೊಡಗಿದ ಬಳಿಕ ಒಂದು ನಿಮಿಷ ಸಾಕು. ಸುಮಾರು 2,000 ಮೀಟರ್‌ಗಿಂತ ಎತ್ತರದ ಪ್ರದೇಶಗಳಲ್ಲಿ ಮಾತ್ರ ಮೂರು ನಿಮಿಷ ಬೇಕೆನ್ನುತ್ತಾರೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಆ ಎತ್ತರ ಮುಟ್ಟುವುದಿಲ್ಲವಾದ್ದರಿಂದ ಕರ್ನಾಟಕದ ಯಾವ ಮೂಲೆಯಲ್ಲೂ ಒಂದು ನಿಮಿಷದ ನಿಯಮ ಅನ್ವಯಿಸುತ್ತದೆ. ಹತ್ತು ನಿಮಿಷ ಕುದಿಸುವುದು ವ್ಯರ್ಥ. ಕೆಲವು ಊರುಗಳಲ್ಲಿ ಹಾನಿಕರವೂ ಹೌದು. ಅದರ ಕಾರಣ ಮುಂದೆ ಬರುತ್ತದೆ.

ಒತ್ತಡದ ಉಪಾಯ

ನೀರಿನ ಈ ಮಿತಿಯನ್ನು ಮೀರಲು ಕಂಡುಕೊಂಡ ಉಪಾಯವೇ ಪ್ರೆಶರ್ ಕುಕ್ಕರ್. ಫ್ರಾನ್ಸ್ ಮೂಲದ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಇದರ ಪೂರ್ವರೂಪವನ್ನು ಸಿದ್ಧಪಡಿಸಿದ. ಮೂಳೆಯನ್ನೂ ಮೆತ್ತಗಾಗಿಸುವುದು ಅದರ ಹೆಗ್ಗಳಿಕೆಯಾಗಿತ್ತು. ಭಾರತದಲ್ಲಿ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ ‘ಇಕ್ಮಿಕ್ ಕುಕ್ಕರ್’ ಒಂದು ಕಾಲದಲ್ಲಿ ಹೆಸರು ಮಾಡಿತ್ತು. ಒಂದರ ಮೇಲೊಂದು ಡಬ್ಬಿ ಜೋಡಿಸಿ, ಕೆಳಗಿನ ಕೆಂಡದಿಂದ ಏಳುವ ಹಬೆಯಲ್ಲಿ ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸುವ ಸಾಧನ ಅದು. ಇಂದಿನ ಕುಕ್ಕರಿನೊಳಗೆ ಡಬ್ಬಿಗಳನ್ನು ಪೇರಿಸಿಡುವ ನಮ್ಮ ಕ್ರಮ ಅದನ್ನೇ ನೆನಪಿಸುತ್ತದೆ.

ಮುಚ್ಚಿದ ಕುಕ್ಕರಿನಲ್ಲಿ ಆವಿ ಹೊರಹೋಗಲಾರದೆ ಒತ್ತಡ ಏರುತ್ತದೆ, ಒತ್ತಡದೊಡನೆ ನೀರು ಕುದಿಯುವ ಬಿಂದುವೂ ಸುಮಾರು 120 ಡಿಗ್ರಿಗೆ ಏರುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ತೆಗೆದುಕೊಳ್ಳುವ ತೊಗರಿಬೇಳೆ ಕಾಲು ಗಂಟೆಯೊಳಗೆ ಬೇಯುವ ಗುಟ್ಟು ಇದು. ತೂಕದ ಗುಂಡು ಕೂಗತೊಡಗಿದರೆ ಬೇಕಾದ ಒತ್ತಡ ಬಂತೆಂದು ಅರ್ಥ. ಅಲ್ಲಿಂದ ಉರಿ ತಗ್ಗಿಸಿ ಸಮಯ ನೋಡಿಕೊಂಡರೆ ಆಯಿತು. ಎಂಟು ಹತ್ತು ಕೂಗು ಎಣಿಸುವುದು ಆವಿಯನ್ನೂ ಗ್ಯಾಸನ್ನೂ ಗಾಳಿಗೆ ಬಿಟ್ಟಂತೆ.

ಕುಕ್ಕರಿನ ಅವಘಡಗಳಲ್ಲಿ ನೀರಿನ ಪಾತ್ರ ಎರಡು ಬಗೆಯದು. ತಳದಲ್ಲಿ ನೀರು ಆರಿಹೋದರೆ ಶಾಖ ಏರುತ್ತಲೇ ಹೋಗುತ್ತದೆ, ಸುರಕ್ಷಾ ವಾಲ್ವ್ ಕರಗುತ್ತದೆ. ತುಂಬಾ ತುಂಬಿಸಿದರೆ ಬೇಳೆಯ ನೊರೆ ಮೇಲೆದ್ದು ಆವಿಯ ರಂಧ್ರವನ್ನೇ ಕಟ್ಟುತ್ತದೆ. ಇದು ಹೆಚ್ಚು ಗಂಡಾಂತರದ್ದು. ಆದ್ದರಿಂದ ಸಾಮಾನ್ಯ ಅಡುಗೆಗೆ ಮೂರನೇ ಎರಡು ಭಾಗ, ನೊರೆ ಬರುವ ಬೇಳೆಕಾಳಿಗೆ ಅರ್ಧ ಭಾಗಕ್ಕಿಂತ ಮೇಲೆ ತುಂಬಬಾರದು. ಬೇಳೆಗೆ ಒಂದು ಚಮಚ ಎಣ್ಣೆ ಹಾಕುವ ರೂಢಿ ನೊರೆಯನ್ನು ತಗ್ಗಿಸುತ್ತದೆ. ಒತ್ತಡ ಇಳಿಯುವ ಮೊದಲೇ ಮುಚ್ಚಳ ಎಳೆದರೆ ಏನಾಗುತ್ತದೆಂಬುದನ್ನೂ ಊಹಿಸಬಹುದು: 120 ಡಿಗ್ರಿಯಲ್ಲಿ ತೆಪ್ಪಗಿದ್ದ ನೀರಿಗೆ ಒಮ್ಮೆಲೆ ಹೊರಗಿನ ಒತ್ತಡ ಸಿಕ್ಕಿ, ಇಡೀ ಪಾತ್ರೆ ಒಂದೇ ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬೇಯದ ಬೇಳೆಯ ಸಮಸ್ಯೆ

ಅದೇ ಅಂಗಡಿಯ ಬೇಳೆ, ಅದೇ ಕುಕ್ಕರ್; ಮನೆ ಬದಲಾಯಿಸಿದ ಮೇಲೆ ಬೇಳೆ ಬೇಯುತ್ತಿಲ್ಲ ಎಂಬ ದೂರು ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಹೊಸದೇನಲ್ಲ. ಬೈಗುಳ ಬೇಳೆಗೆ, ತಪ್ಪು ಬಹುತೇಕ ನೀರಿನದು. ಕಾವೇರಿ ನೀರಿಗೆ ಹೋಲಿಸಿದರೆ ಆಳದ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳು ಸಾಮಾನ್ಯವಾಗಿ ಅಧಿಕ. ಇದನ್ನೇ ಗಡಸು ನೀರು ಎನ್ನುವುದು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಮಾಮೂಲಿ ನೀರಿನಲ್ಲಿ ಬೇಯುವಾಗ ಕರಗಿ ಕಾಳು ಹಿಟ್ಟಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಈ ಪೆಕ್ಟಿನ್ನನ್ನು ಇನ್ನಷ್ಟು ಗಟ್ಟಿಯಾಗಿ ಹೆಣೆದುಬಿಡುತ್ತದೆ. ಎಷ್ಟು ಕೂಗಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ.

ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದು. ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು. ಮಾನದಂಡಕ್ಕೆ ಒಳಪಟ್ಟ ನೀರಿನಲ್ಲೂ ಬೇಳೆ ಬೇಯದಿರಲು ಸಾಧ್ಯ. 2024ರ ಬೇಸಿಗೆಯಲ್ಲಿ ರಾಜಧಾನಿಯ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರು ಯಾವ ಬಾವಿಯದೆಂಬುದೇ ತಿಳಿಯದ ಸ್ಥಿತಿ ಬಂದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರದಂಚಿನ 110 ಹಳ್ಳಿಗಳಿಗೆ ನದಿ ನೀರು ಪೂರೈಸುವ ದಾರಿ ತೆರೆಯಿತು. ಸಂಪರ್ಕ ಪಡೆದ ಮನೆಗಳಲ್ಲಿ ಈ ಬದಲಾವಣೆ ಮೊದಲು ಅರಿವಾಗುವ ಸ್ಥಳಗಳಲ್ಲಿ ಅಡುಗೆಮನೆಯೂ ಒಂದು.

ಗಡಸು ನೀರಿನವರು ಏನು ಮಾಡಬಹುದು? ಮೊದಲನೆಯದಾಗಿ ನೀರನ್ನು ಒಮ್ಮೆ ಕುದಿಸಿ, ತಣಿಸಿ, ತಿಳಿಯನ್ನು ಮಾತ್ರ ಬಳಸಬಹುದು. ಗಡಸುತನದ ಒಂದು ಭಾಗ ಕುದಿಸಿದಾಗ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಬಿಸಿನೀರಿನ ಪಾತ್ರೆಯ ಒಳಗೆ ಕಟ್ಟುವ ಬಿಳಿ ಹೊರೆ ಅದೇ. ಉಳಿದ ಭಾಗ ಕುದಿಸಿದರೂ ಹೋಗುವುದಿಲ್ಲ. ಆರ್‌ಒ ಯಂತ್ರವಿದ್ದವರು ಬೇಳೆ ನೆನೆಸಲು ಮತ್ತು ಬೇಯಿಸಲು ಆ ನೀರನ್ನೇ ಬಳಸಬೇಕು; ಕುಡಿಯಲು ಒಂದು, ಅಡುಗೆಗೆ ಮತ್ತೊಂದು ಎಂಬ ವಿಂಗಡಣೆಯಿಂದ ಪ್ರಯೋಜನವಿಲ್ಲ. ಅಡುಗೆ ಸೋಡಾದ ಚಿಟಿಕೆ ಬೇಳೆಯನ್ನು ಬೇಗ ಮೆತ್ತಗಾಗಿಸುವುದು ನಿಜ. ಆದರೆ ಬಿ1 ಜೀವಸತ್ವ ಸೋಡಾದಲ್ಲಿ ನಾಶವಾಗುತ್ತದೆ, ರುಚಿಯೂ ಕೆಡುತ್ತದೆ. ಅದನ್ನು ನಿತ್ಯದ ಉಪಾಯ ಮಾಡಿಕೊಳ್ಳದಿರುವುದು ಲೇಸು.

ಹುಣಸೆಹಣ್ಣು, ಟೊಮೆಟೊಗಳ ಹುಳಿಯೂ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಬೇಳೆ, ತರಕಾರಿ ಬೆಂದ ಮೇಲೆಯೇ ಹುಳಿ ಹಾಕಬೇಕೆಂಬ ಕಟ್ಟುನಿಟ್ಟು ಇದರಿಂದಲೇ ಬಂದದ್ದು. ತದ್ವಿರುದ್ಧವಾಗಿ ಬೆಂಡೆಕಾಯಿಯಂತಹ ಬೇಗ ಕರಗುವ ತರಕಾರಿಗೆ ಮೊದಲೇ ಹುಳಿ ಹಾಕಿದರೆ ಹೋಳು ಒಡೆಯದೆ ಉಳಿಯುತ್ತದೆ, ಲೋಳೆಯೂ ತಗ್ಗುತ್ತದೆ.

ಬೇಳೆ ಬೇಯದಿರುವುದು ಕೇವಲ ಕಿರಿಕಿರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮೊದಲಾದ ಕಡೆಗಳ ಅಂತರ್ಜಲದಲ್ಲಿರುವ ಫ್ಲೋರೈಡ್ ಹಾಗಲ್ಲ. ಅದು ಹಲ್ಲು ಹಾಗೂ ಮೂಳೆಗಳನ್ನು ಕೆಡಿಸುವ ಪಿಡುಗು. ಲೀಟರಿಗೆ ಒಂದು ಮಿಲಿಗ್ರಾಂ ಅದರ ಅಪೇಕ್ಷಣೀಯ ಮಿತಿ, ಒಂದೂವರೆ ಗರಿಷ್ಠ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅರ್ಧಕ್ಕಿಳಿದರೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇಮ್ಮಡಿಯಾಗುತ್ತದೆ. ಹೆಚ್ಚು ಹೊತ್ತು ಕುದಿಸುವುದು ಹಾನಿಕರ ಎಂದದ್ದು ಇದಕ್ಕೆ. ಈ ಭಾಗಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಕ್ಯಾನ್ ತುಂಬಿಸಿ ತರುವ ಕುಟುಂಬಗಳು ಅನ್ನ, ಸಾರು, ಮುದ್ದೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ತಂದ ಶ್ರಮದ ದೊಡ್ಡ ಪಾಲು ವ್ಯರ್ಥ. ಅನ್ನ ತನ್ನ ತೂಕದ ಒಂದೂವರೆ, ಎರಡು ಪಟ್ಟು ನೀರು ಹೀರುತ್ತದೆ. ಹೀರಿದ ನೀರಿನ ಫ್ಲೋರೈಡೂ ತಟ್ಟೆಗೇ ಬರುತ್ತದೆ.

ಎಸರು ಮತ್ತು ಹಿಟ್ಟು

ಗೋಧಿ ಹಿಟ್ಟಿಗೆ ತಣ್ಣೀರು, ರಾಗಿ, ಜೋಳ, ಅಕ್ಕಿ ಹಿಟ್ಟಿಗೆ ಕುದಿನೀರು. ಕರ್ನಾಟಕದ ಉದ್ದಗಲಕ್ಕೂ ಈ ನಿಯಮ ಬದಲಾಗುವುದಿಲ್ಲ. ಗೋಧಿಯಲ್ಲಿ ಗ್ಲುಟೆನ್ ಆಗುವ ಪ್ರೋಟೀನುಗಳಿವೆ. ನೀರು ಬಿದ್ದು ನಾದಿದೊಡನೆ ಅವು ಜಾಲ ಕಟ್ಟಿ ಕಣಕ ರಬ್ಬರಿನಂತೆ ಹಿಗ್ಗುತ್ತದೆ. ಅರ್ಧ ಗಂಟೆ ಒದ್ದೆಬಟ್ಟೆ ಮುಚ್ಚಿಟ್ಟರೆ ನೀರು ಕಣಕಣಕ್ಕೂ ಇಳಿದು ಚಪಾತಿ ಮೃದುವಾಗುತ್ತದೆ. ರಾಗಿ, ಜೋಳ, ಅಕ್ಕಿಗಳಲ್ಲಿ ಈ ಜಾಲವಿಲ್ಲ. ಅಲ್ಲಿ ಹಿಟ್ಟನ್ನು ಹಿಡಿದು ನಿಲ್ಲಿಸುವ ಹೊಣೆ ಪಿಷ್ಟದ್ದು. ಸುಮಾರು 60ರಿಂದ 80 ಡಿಗ್ರಿಯ ಬಿಸಿನೀರು ಸಿಕ್ಕಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಉತ್ತರ ಕರ್ನಾಟಕದ ತಾಯಂದಿರು ಜೋಳದ ಹಿಟ್ಟಿನ ನಡುವೆ ಗುಳಿ ಮಾಡಿ ಸುಡುವ ಎಸರು ಹೊಯ್ಯುವುದು, ಮಲೆನಾಡಿನಲ್ಲಿ ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ಲಟ್ಟಿಸುವುದು ಈ ಅಂಟಿಗಾಗಿ. ಬೀಸಿ ಬಹಳ ದಿನವಾದ ಜೋಳದ ಹಿಟ್ಟು ಜಿಗುಟು ಬಿಟ್ಟು ಅಂಚಿನಲ್ಲಿ ಬಿರಿಯುತ್ತದೆ. ಅದಕ್ಕೆ ಎಸರು ಇನ್ನಷ್ಟು ಬಿಸಿಯಾಗಿರಬೇಕು.

ಹಂಚಿನ ಮೇಲಿನ ರೊಟ್ಟಿಗೆ ಒದ್ದೆಬಟ್ಟೆಯಿಂದ ನೀರು ಸವರುವುದನ್ನು ಹೊಸಬರು ಅಲಂಕಾರವೆಂದು ತಿಳಿಯುವುದುಂಟು. ತಟ್ಟುವಾಗ ಮೇಲೆ ಉಳಿದ ಒಣಹಿಟ್ಟನ್ನು ಅದು ಒರೆಸುತ್ತದೆ. ಜೊತೆಗೆ ಮೇಲ್ಮೈ ಬೇಗ ಒಣಗಿ ಬಿರಿಯದಂತೆ ತಡೆದು, ಒಳಗಿನ ಹಬೆ ತಪ್ಪಿಸಿಕೊಳ್ಳದಂತೆ ಹಿಡಿದಿಡುತ್ತದೆ. ಒಂದು ಗ್ರಾಂ ನೀರು ಆವಿಯಾದಾಗ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ರೊಟ್ಟಿ, ಫುಲ್ಕಾ, ಪೂರಿ ಉಬ್ಬುವುದಕ್ಕೆ ಬೇರೆ ಯಾವ ಪವಾಡವೂ ಬೇಕಿಲ್ಲ. ಕೆಂಡದ ಮೇಲೆ ಉಬ್ಬಿದ ರೊಟ್ಟಿ ಕೆಳಗಿಳಿಸಿದೊಡನೆ ಕುಸಿಯುವುದು ಆ ಆವಿ ಮತ್ತೆ ನೀರಾದಾಗ.

ರಾಗಿಮುದ್ದೆ ಈ ಎಲ್ಲ ವಿದ್ಯೆಯ ಪರೀಕ್ಷೆ. ಒಣಹಿಟ್ಟು ನೇರ ಕುದಿನೀರಿಗೆ ಬಿದ್ದರೆ ಉಂಡೆಯ ಹೊರಪದರ ತಕ್ಷಣ ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗೆ ನೀರು ಹೋಗದೆ ಹಸಿ ಹಿಟ್ಟು ಉಳಿಯುತ್ತದೆ. ಅದೇ ಗಂಟು. ಇದನ್ನು ತಪ್ಪಿಸಲು ಮೊದಲು ಸ್ವಲ್ಪ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬೆರೆಸುತ್ತಾರೆ, ಎಸರು ಗಂಜಿಯಂತಾಗುತ್ತದೆ. ಅದು ಕುದಿಯುವಾಗ ಉಳಿದ ಹಿಟ್ಟನ್ನು ರಾಶಿಯಾಗಿ ಸುರಿದು, ಕೈಯಾಡಿಸದೆ, ನಡುವೆ ಕೋಲಿನಿಂದ ತೂತು ಮಾಡಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ತೂತಿನಿಂದ ಉಕ್ಕುವ ಎಸರು ಮತ್ತು ಹಬೆ ರಾಶಿಯನ್ನು ಒಳಗಿನಿಂದ ಬೇಯಿಸುತ್ತವೆ. ಆಮೇಲೆ ಮುದ್ದೆ ಕೋಲಿನಿಂದ ಬಲವಾಗಿ ತೊಳಸಿದಾಗ ಬೆಂದ ಹಿಟ್ಟು, ಬೇಯದ ಹಿಟ್ಟು ಒಂದಾಗುತ್ತವೆ. ಕೊನೆಯಲ್ಲಿ ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟುವುದು ಅಂಟದಿರಲೆಂದು. ನೀರಿನ ಅಳತೆ ಹಿಟ್ಟಿನ ನುಣುಪು, ರಾಗಿಯ ಹಳತನ ನೋಡಿ ಬದಲಾಗುತ್ತದೆ. ಅದಕ್ಕೆ ಪುಸ್ತಕದ ‘ಸಾಕಷ್ಟು’ ಎಂಬ ಪದವೇ ಬಹುಶಃ ಸರಿ ಎಂದು ಇಲ್ಲಿ ಒಪ್ಪಬೇಕಾಗುತ್ತದೆ. ಅಕ್ಕಿಯಲ್ಲೂ ಹೊಸ ಅಕ್ಕಿಗೆ ನೀರು ಕಡಿಮೆ, ಹಳೆ ಅಕ್ಕಿಗೆ ಹೆಚ್ಚು.

ಉಗಿಯ ಶಕ್ತಿ

ಇಡ್ಲಿ, ಕಡುಬು, ಕರಾವಳಿಯ ಮೂಡೆ, ಹಲಸಿನೆಲೆಯ ಕೊಟ್ಟೆ ಕಡುಬು, ಕೊಡಗಿನ ಕಡಂಬುಟ್ಟು, ನೂಲ್ಪುಟ್ಟು ಇವೆಲ್ಲ ನೀರನ್ನು ಮುಟ್ಟದೆ ನೀರಿನಿಂದ ಬೇಯುವ ತಿನಿಸುಗಳು. ಆವಿಯಾಗುವಾಗ ನುಂಗಿದ 540 ಕ್ಯಾಲೊರಿ ಶಾಖವನ್ನು ಉಗಿ ತಣ್ಣನೆಯ ಹಿಟ್ಟಿನ ಮೇಲೆ ನೀರಾಗುವಾಗ ಮರಳಿ ಕೊಡುತ್ತದೆ. ಆದ್ದರಿಂದಲೇ ಹತ್ತು ಹನ್ನೆರಡು ನಿಮಿಷಕ್ಕೆ ಇಡ್ಲಿ ಬೇಯುತ್ತದೆ. ಪೋಷಕಾಂಶ ಕರಗಿ ಹೋಗಲು ಸುತ್ತ ನೀರೂ ಇಲ್ಲ. ಉಗಿ ತಾಗಿದ ಸುಟ್ಟಗಾಯ ಕುದಿನೀರಿನದಕ್ಕಿಂತ ತೀವ್ರವಾಗುವುದೂ ಇದೇ ಶಾಖದಿಂದ. ಮುಚ್ಚಳವನ್ನು ಯಾವಾಗಲೂ ನಮ್ಮಿಂದ ಆಚೆಯ ಬದಿಗೆ ವಾಲಿಸಿ ತೆರೆಯಬೇಕು.

ನೀರು ಕುದಿದ ಮೇಲೆಯೇ ಇಡ್ಲಿ ತಟ್ಟೆ ಇಡುವುದು ಕ್ರಮ. ತಣ್ಣೀರಿನ ಮೇಲಿಟ್ಟರೆ ಹಿಟ್ಟು ನಿಧಾನ ಬಿಸಿಯಾಗಿ, ಗಾಳಿಗುಳ್ಳೆ ಹಿಡಿದಿಡುವ ಮೊದಲೇ ಕುಗ್ಗಿ ಇಡ್ಲಿ ಗಟ್ಟಿಯಾಗುತ್ತದೆ. ತಳದ ನೀರು ಆರಿತೇ ಎಂದು ತಿಳಿಯಲು ಹಳಬರು ಪಾತ್ರೆಗೆ ಒಂದು ನಾಣ್ಯ ಹಾಕುತ್ತಿದ್ದರು. ಕುದಿಯುವಷ್ಟು ಹೊತ್ತು ಅದು ಕುಣಿದು ಸದ್ದು ಮಾಡುತ್ತದೆ, ಸದ್ದು ನಿಂತರೆ ನೀರು ಮುಗಿಯಿತು. ಅಲ್ಯುಮಿನಿಯಂ ಪಾತ್ರೆ ಕಪ್ಪಾಗದಿರಲು ನೀರಿಗೆ ಹಾಕುವ ಹುಣಸೆಯ ತುಣುಕೋ ನಿಂಬೆಯ ಸಿಪ್ಪೆಯೋ ಇಂತಹದೇ ಮತ್ತೊಂದು ಉಪಾಯ. ಹಾಲಿನ ಪಾತ್ರೆಯನ್ನು ಮೊದಲು ನೀರಿನಲ್ಲಿ ಅಲುಗಿಸಿದರೆ ಹಾಲು ತಳ ಹಿಡಿಯುವುದು ಕಡಿಮೆ ಎಂಬುದೂ ಅನುಭವದ ಮಾತು. ಹೆಚ್ಚಿದ ಬದನೆ, ಬಾಳೆಕಾಯಿಗಳನ್ನು ನೀರಿನಲ್ಲಿಡುವುದು ಗಾಳಿ ತಾಗಿ ಕಪ್ಪಾಗದಿರಲು. ಬಾಳೆದಿಂಡಿಗೆ ಮಜ್ಜಿಗೆ ಬೆರೆಸಿದ ನೀರಾದರೆ ಇನ್ನೂ ಒಳ್ಳೆಯದು.

ನೀರಿನಲ್ಲಿ ಬೆಂದ ಅನ್ನವನ್ನು ಹೊರಗೆ ಬಿಡುವ ಬಗ್ಗೆ ಒಂದು ಎಚ್ಚರಿಕೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ತೇವಭರಿತ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಬೆಳೆದು ವಿಷ ಸೃಷ್ಟಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕ ಅನ್ನವನ್ನು ಚಿತ್ರಾನ್ನಕ್ಕೆ ಇಡುವವರು ಎರಡು ಗಂಟೆಯೊಳಗೆ ಹರಡಿ ಆರಿಸಿ ಫ್ರಿಜ್‌ಗೆ ಸೇರಿಸಬೇಕು.

ನೀರು ಇರಬಾರದ ಕಡೆ

ನೀರು ಇರುವವರೆಗೆ ಯಾವ ಪದಾರ್ಥವೂ ಕೆಂಪಗಾಗದು. ಹುರಿದ ಘಮ, ಹೊಂಬಣ್ಣ ಹುಟ್ಟಲು ಸುಮಾರು 140 ಡಿಗ್ರಿ ಶಾಖ ಬೇಕು. ನೀರಿದ್ದಲ್ಲಿ ಅದು ನೂರನ್ನು ದಾಟಲು ಬಿಡುವುದಿಲ್ಲ. ಈರುಳ್ಳಿಯ ತೂಕದ ಶೇ. 85ಕ್ಕೂ ಹೆಚ್ಚು ನೀರೇ ಆದ್ದರಿಂದ ಅದು ಆರಿದ ಮೇಲಷ್ಟೇ ಬಣ್ಣ ತಿರುಗುತ್ತದೆ. ಬಾಣಲೆಯಲ್ಲಿ ಕಿಕ್ಕಿರಿದು ತುಂಬಿದ ಪಲ್ಯ ಹುರಿಯದೆ ಬೇಯುವುದೂ ಇದರಿಂದ. ಸಕ್ಕರೆ ಪಾಕದಲ್ಲಿ ಮಾತ್ರ ನೀರು ಕಡಿಮೆಯಾದಂತೆ ಕುದಿಯ ಬಿಸಿ ನೂರರಿಂದ ಮೇಲೇರುತ್ತ ಹೋಗುತ್ತದೆ. ಒಂದೆಳೆ, ಎರಡೆಳೆ, ಉಂಡೆಪಾಕ ಎಂದು ನಾವು ಬೆರಳಲ್ಲಿ ಅಳೆಯುವುದು ಉಳಿದ ನೀರಿನ ಪ್ರಮಾಣವನ್ನೇ. ಮೈಸೂರು ಪಾಕಿಗೆ ಒಂದೆಳೆ ಸಾಕು. ಚಿಕ್ಕಿಗೆ ನೀರೆಲ್ಲ ಬಹುತೇಕ ಹೋಗಿರಬೇಕು.

ಉಪ್ಪಿನಕಾಯಿಯಲ್ಲಿ ನೀರು ಸಂಪೂರ್ಣ ನಿಷಿದ್ಧವೆಂಬ ಮಾತು ಅರ್ಧ ಸತ್ಯ. ಮಿಡಿ ಉಪ್ಪಿನಕಾಯಿಗೆ ಉಪ್ಪುನೀರು ಬೇಕೇಬೇಕು, ಆದರೆ ಕುದಿಸಿ ಆರಿಸಿದ್ದು. ಸಾಕಷ್ಟು ಉಪ್ಪಿದ್ದರೆ ಅದು ನೀರನ್ನು ಕಟ್ಟಿಹಾಕಿ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ಒದ್ದೆ ಚಮಚ ಇಳಿಸಿದಾಗ ಆ ಜಾಗದಲ್ಲಿ ಉಪ್ಪು ತೆಳುವಾಗಿ ಬೂಷ್ಟು ಹಿಡಿಯಲು ದಾರಿಯಾಗುತ್ತದೆ.

ಬಿಸಿ ಎಣ್ಣೆಗೆ ನೀರು ಶತ್ರು. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ, 180 ಡಿಗ್ರಿಯ ಎಣ್ಣೆಯಲ್ಲಿ ಕ್ಷಣಾರ್ಧದಲ್ಲಿ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಿ ಎಣ್ಣೆಯನ್ನು ಎಸೆಯುತ್ತದೆ. ಒಗ್ಗರಣೆಗೆ ಹಾಕುವ ಕರಿಬೇವು ಒದ್ದೆಯಿದ್ದರೆ ಸಿಡಿಯುವುದು ಇದರ ಸಣ್ಣ ರೂಪ. ಹೊತ್ತಿಕೊಂಡ ಎಣ್ಣೆಗೆ ಒಂದು ಚೊಂಬು ನೀರು ಸುರಿದರೆ ಉರಿಯುವ ಎಣ್ಣೆ ಚಾವಣಿಯವರೆಗೆ ಏಳುತ್ತದೆ. ಹಾಗಾದಾಗ ಮೊದಲು ಒಲೆ ಆರಿಸಬೇಕು. ಬಾಣಲೆಯ ಬಾಯಿಗೆ ಸರಿಹೊಂದುವ ಲೋಹದ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಮುಚ್ಚಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬಾರದು, ಪೂರ್ತಿ ತಣಿಯುವವರೆಗೆ ತಟ್ಟೆ ತೆಗೆದು ನೋಡಬಾರದು.